ಶಹಾಪುರದ ಜೆರ್ಸಿ ಅಂಗಡಿ: ಕುಸ್ಕೊದ ಕೆಂಪು ಬಣ್ಣ ಅನಗೋಳಕ್ಕೆ ಬಂತು

ಬೆಳಗಾವಿಯಲ್ಲಿ ಫುಟ್‌ಬಾಲ್ ತಂಡಕ್ಕೆ ಜೆರ್ಸಿ ಮಾಡಿಸಬೇಕು ಅಂತಿದ್ದರೆ ಶಹಾಪುರದ ಈ ಅಂಗಡಿಗೆ ಹೋಗಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಯಾಕೆ ಹೋಯಿತು ಅಂತ ಮುಂದೆ ಬರೆದಿದ್ದೇನೆ. ಆದರೆ ಬಟ್ಟೆ, ಬಣ್ಣ, ಹೊಲಿಗೆ ಈ ಮೂರರಲ್ಲಿ ನನಗೆ ನಮ್ಮೂರಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಎಲ್ಲೂ ಸಿಕ್ಕಿಲ್ಲ. ಹೆಸರು ಹಾಕಬೇಡಿ ಅಂತ ಮಾಲೀಕರೇ ಹೇಳಿದ್ದಾರೆ. ಮನೆಮಂದಿ ಸೇರಿ ನಡೆಸುವ ಸಣ್ಣ ಅಂಗಡಿ, ಕೈಯಲ್ಲಿರುವ ಆರ್ಡರ್ ಮುಗಿಸುವುದೇ ಅವರಿಗೆ ಸಾಕಾಗಿದೆ. ಸೀರೆ ಅಂಗಡಿಗಳ ಸಾಲು ದಾಟಿ ಒಳಗಿನ ಗಲ್ಲಿಗೆ ಹೋಗಿ, ಜೆರ್ಸಿ ಕಾಕಾ ಎಲ್ಲಿ ಅಂತ ಕೇಳಿ. ಆಡುತ್ತಿರುವ ಮಕ್ಕಳೇ ಬಾಗಿಲ ತನಕ ಬಿಟ್ಟು ಬರುತ್ತಾರೆ.

ನಾನು ಅನಗೋಳ ಕಡೆಯ ಹುಡುಗರಿಗೆ ಭಾನುವಾರ ಬೆಳಿಗ್ಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಎಲ್ಲರೂ 14 ವರ್ಷದೊಳಗಿನವರು. ಈ ಸಲ ಮಳೆಗಾಲದ ಟೂರ್ನಮೆಂಟ್‌ಗೆ ಅವರಿಗೆ ಸ್ವಂತ ಜೆರ್ಸಿ ಬೇಕಿತ್ತು. ಯಾವುದು ಬೇಕು ಅಂತ ಕೇಳಿದರೆ ಅರ್ಧ ಜನ ಅರ್ಜೆಂಟೀನಾ ಅಂದರು, ಉಳಿದವರು ಪೋರ್ಚುಗಲ್ ಅಂದರು. ನಮ್ಮ ಮೈದಾನಗಳಲ್ಲಿ ಇದೇ ಆಗುತ್ತಿದೆ. ಎರಡೂ ತಂಡ ಬಿಳಿ-ನೀಲಿ ಪಟ್ಟಿ ಹಾಕಿಕೊಂಡು ಬರುತ್ತವೆ, ರೆಫರಿ ತಲೆ ಕೆರೆದುಕೊಂಡು ಒಂದು ತಂಡಕ್ಕೆ ಬಿಬ್ (ಜೆರ್ಸಿ ಮೇಲೆ ಹಾಕುವ ತೋಳಿಲ್ಲದ ಬಣ್ಣದ ಅಂಗಿ) ಹಾಕಿಸುತ್ತಾರೆ, ಆ ಬಿಬ್ ಇನ್ಯಾರದೋ ಬೆವರಿನಲ್ಲಿ ನೆನೆದಿರುತ್ತದೆ. ನನಗೆ ಅದು ಬೇಡವಾಗಿತ್ತು. ನನ್ನ ಹುಡುಗರು ಹಾಕುವ ಬಣ್ಣಕ್ಕೆ ಅವರದೇ ಅನ್ನಿಸುವ ಒಂದು ಕಥೆ ಇರಬೇಕು ಅಂತ ಆಸೆ. ಅದಕ್ಕೇ ಸಿಯೆನ್ಸಿಯಾನೊ ತಂಡದ ಕೆಂಪು ಬಣ್ಣ ಮಾಡಿಸೋಣ ಅಂದೆ. ಯಾರಿಗೂ ಆ ಹೆಸರು ಗೊತ್ತಿರಲಿಲ್ಲ.

ಗೊತ್ತಿರದ ತಂಡದ ಬಣ್ಣ ಕೇಳಿಕೊಂಡು ಬೇರೆ ಒಂದು ಕಡೆ ಹೋದರೆ, ಕಂಪ್ಯೂಟರ್‌ನಲ್ಲಿ ರೆಡಿ ಇರುವ ಡಿಸೈನ್ ತೋರಿಸಿ, ಇದರಲ್ಲೇ ಆರಿಸಿ ಅಂದರು. ಹೆಸರು ಬೇಡ ಬಿಡಿ. ಶಹಾಪುರದ ಕಾಕಾ ಮಾತ್ರ ಸ್ಟೂಲ್ ಎಳೆದು ಕೂರಿಸಿ, ಚಹಾ ತರಿಸಿ, "ಹೇಳ್ರಿ ಸರ, ಇದ್ಯಾವ ಟೀಮು, ಯಾಕ ಇದ ಬೇಕು" ಅಂತ ಕೇಳಿದರು. ಅವರಿಗೆ ಅರವತ್ತರ ಹತ್ತಿರದ ವಯಸ್ಸು. ಚಿಕ್ಕಂದಿನಲ್ಲಿ ತಾವೂ ಆಡಿದವರು, ರೈಟ್ ಬ್ಯಾಕ್. ನಾನು ಹೇಳಿದೆ.

ಪೆರು ದೇಶದ ಕುಸ್ಕೊ ಊರಿನ ತಂಡ ಅದು. ರಾಜಧಾನಿ ಲಿಮಾದಿಂದ ರಸ್ತೆಯಲ್ಲಿ ಸುಮಾರು 1,100 ಕಿಲೋಮೀಟರ್ ದೂರ. ಆಂಡಿಸ್ ಬೆಟ್ಟಗಳ ನಡುವೆ, ಸಮುದ್ರಮಟ್ಟಕ್ಕಿಂತ ಸುಮಾರು 3,400 ಮೀಟರ್ ಮೇಲೆ ಇರುವ ಊರು. ಹಿಂದೆ ಇಂಕಾ ಅರಸರ ರಾಜಧಾನಿ. ಅಲ್ಲಿ ಕೊಲೆಹಿಯೊ ನಸಿಯೊನಾಲ್ ದೆ ಸಿಯೆನ್ಸಿಯಾಸ್ ಅಂತ ಒಂದು ಹಳೆಯ ಶಾಲೆ ಇದೆ, 1825ರಲ್ಲಿ ಸಿಮೊನ್ ಬೊಲಿವಾರ್ ಸ್ಥಾಪಿಸಿದ್ದು. ಆ ಶಾಲೆಯ ಹುಡುಗರು 1901ರ ಜುಲೈ 8ರಂದು ಈ ತಂಡ ಕಟ್ಟಿದರು. ಅದೇ ಊರಲ್ಲಿ ಇನ್ನೊಂದು ಶಾಲೆಯಿಂದ ಹುಟ್ಟಿದ ದೆಪೊರ್ತಿವೊ ಗಾರ್ಸಿಲಾಸೊ ಅಂತ ಇನ್ನೊಂದು ತಂಡ ಇದೆ. ಇವರಿಬ್ಬರ ನಡುವೆ ಪಂದ್ಯ ಇದ್ದರೆ ಊರು ಎರಡು ಭಾಗವಾಗುತ್ತದೆ. ಶಾಲೆಯ ತಂಡಗಳ ಜಿದ್ದು ಅಂದರೆ ಏನು ಅಂತ ಬೆಳಗಾವಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಕಾಕಾ ಆಗಲೇ ತಲೆ ಆಡಿಸುತ್ತಿದ್ದರು.

ಈಗ ಅಂಗಡಿಯ ಕೆಲಸಕ್ಕೆ ಬರುತ್ತೇನೆ. ಮೊದಲು ಬಟ್ಟೆ. ಇವರ ಹತ್ತಿರ ಮೂರು ನಾಲ್ಕು ಥರದ ಪಾಲಿಯೆಸ್ಟರ್ ಇದೆ. ತೀರ ಅಗ್ಗದ್ದು 140 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ಆಸುಪಾಸಿನದು, ಕೈಯಲ್ಲಿ ಹಿಡಿದರೆ ಬೆರಳು ಕಾಣುತ್ತದೆ. ಮಳೆಯಲ್ಲಿ ನೆನೆದರೆ ಮೈಗೆ ಅಂಟಿಕೊಂಡು ಹುಡುಗರು ಮುಜುಗರ ಪಡುತ್ತಾರೆ. ಕಾಕಾ ತಾವಾಗಿಯೇ ಅದು ಬೇಡ ಅಂದರು. ನಾವು ತಗೊಂಡಿದ್ದು ಡಾಟ್ ನೆಟ್, 180 ಜಿಎಸ್‌ಎಂ. ಸಣ್ಣ ಸಣ್ಣ ತೂತು ಇರುವ ನೇಯ್ಗೆ. ಗಾಳಿ ಆಡುತ್ತದೆ, ನೆನೆದರೂ ಜೋತು ಬೀಳುವುದಿಲ್ಲ, ಮನೆಯೊಳಗೆ ಹಗ್ಗದ ಮೇಲೆ ಹಾಕಿದರೂ ಬೇಗ ಒಣಗುತ್ತದೆ. ಜೂನ್, ಜುಲೈನಲ್ಲಿ ನಮ್ಮೂರಲ್ಲಿ ಬಟ್ಟೆ ಒಣಗಿಸುವ ಕಷ್ಟ ಗೊತ್ತಿರುವ ತಾಯಂದಿರು ಈ ಒಂದು ಗುಣಕ್ಕೇ ಪೂರ್ತಿ ಅಂಕ ಕೊಡುತ್ತಾರೆ. ಒಂದು ಜೆರ್ಸಿಗೆ ಹೆಸರು, ನಂಬರ್ ಎಲ್ಲಾ ಸೇರಿ ₹350ರ ಹತ್ತಿರ ಬಿತ್ತು. ಇನ್ನೂ ಕಡಿಮೆಗೆ ಸಿಗುತ್ತದೆ, ನಿಜ. ಆದರೆ ಆ ಬಟ್ಟೆ ಒಂದು ಸೀಸನ್ ಕೂಡ ಬರುವುದಿಲ್ಲ.

ಪ್ರಿಂಟ್ ಸಬ್ಲಿಮೇಷನ್. ತಿಳಿಯದವರಿಗೆ ಒಂದು ಮಾತು. ಇದು ಬಟ್ಟೆಯ ಮೇಲೆ ಅಂಟಿಸುವ ರಬ್ಬರ್ ಪ್ರಿಂಟ್ ಅಲ್ಲ. ಡಿಸೈನ್ ಅನ್ನು ಮೊದಲು ಕಾಗದದ ಮೇಲೆ ಕನ್ನಡಿ ಬಿಂಬದ ಹಾಗೆ ತಿರುವುಮುರುವಾಗಿ ಪ್ರಿಂಟ್ ಮಾಡುತ್ತಾರೆ. ಆ ಕಾಗದವನ್ನು ಬಿಳಿ ಪಾಲಿಯೆಸ್ಟರ್ ಮೇಲೆ ಇಟ್ಟು ಸುಮಾರು 200 ಡಿಗ್ರಿ ಬಿಸಿಯಲ್ಲಿ ಒತ್ತುತ್ತಾರೆ. ಇಂಕು ಆವಿಯಾಗಿ ನೂಲಿನ ಒಳಗೇ ಸೇರಿಕೊಳ್ಳುತ್ತದೆ. ಅದಕ್ಕೇ ಅದು ಸಿಪ್ಪೆ ಏಳುವುದಿಲ್ಲ, ಬಿರುಕು ಬಿಡುವುದಿಲ್ಲ. ಕಾಟನ್ ಮೇಲೆ ಇದು ನಿಲ್ಲುವುದಿಲ್ಲ. ಕಾಟನ್ ಜೆರ್ಸಿ ಮೇಲೆ ಸಬ್ಲಿಮೇಷನ್ ಮಾಡಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಕೆಂಪು ಬಣ್ಣದಲ್ಲೇ ಈ ಅಂಗಡಿಯ ನಿಜವಾದ ಗುಣ ಕಂಡಿದ್ದು. ಸಬ್ಲಿಮೇಷನ್‌ನಲ್ಲಿ ಗಟ್ಟಿ ಕೆಂಪು ತರುವುದು ಕಷ್ಟ. ಸ್ಕ್ರೀನ್ ಮೇಲೆ ಚೆನ್ನಾಗಿ ಕಂಡ ಕೆಂಪು ಬಟ್ಟೆಗೆ ಇಳಿದಾಗ ಕಿತ್ತಳೆ ಕಡೆಗೆ ವಾಲುತ್ತದೆ, ಇಲ್ಲವೇ ಮಾಸಿದ ಗುಲಾಬಿ ಆಗುತ್ತದೆ. ಕಾರಣ ಸುಲಭ. ಪ್ರಿಂಟರ್‌ನಲ್ಲಿ ಕೆಂಪು ಇಂಕು ಅಂತ ಬೇರೆ ಇರುವುದಿಲ್ಲ, ಮಜೆಂಟಾ ಮತ್ತು ಹಳದಿ ಸೇರಿಸಿ ಕೆಂಪು ಮಾಡಬೇಕು. ಬಿಸಿ, ಒತ್ತುವ ಸಮಯ, ಕಾಗದ ಇವುಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದರೂ ಬಣ್ಣ ಬದಲಾಗುತ್ತದೆ. ಕಾಕಾ ಮಗಳು ಡಿಸೈನ್ ನೋಡಿಕೊಳ್ಳುತ್ತಾರೆ. ಅವರು ಒಂದೇ ಬಟ್ಟೆಯ ತುಂಡಿನ ಮೇಲೆ ಪಕ್ಕಪಕ್ಕದಲ್ಲಿ ಬೇರೆ ಬೇರೆ ಕೆಂಪು ಚೌಕ ಪ್ರಿಂಟ್ ಮಾಡಿ, ಪ್ರತಿಯೊಂದರ ಕೆಳಗೆ ನಂಬರ್ ಹಾಕಿ ಕೈಗಿಟ್ಟರು. ಹಗಲಿನಲ್ಲಿ ನೋಡಿ, ಆಮೇಲೆ ನೀರಲ್ಲಿ ಅದ್ದಿ ನೋಡಿ, ಆಮೇಲೆ ಹೇಳಿ ಅಂದರು. ನೆನೆದ ಮೇಲೆ ಎಲ್ಲಾ ಕೆಂಪೂ ಒಂದು ಹಂತ ಕಪ್ಪಾಗುತ್ತದೆ, ಮಳೆಯಲ್ಲಿ ಆಡುವ ತಂಡಕ್ಕೆ ಅದನ್ನೂ ಲೆಕ್ಕ ಹಾಕಬೇಕು ಅಂತ ಅವರಿಗೆ ಹೊಳೆದಿತ್ತು. ಇಷ್ಟು ತಾಳ್ಮೆಯಿಂದ ಕೆಲಸ ಮಾಡುವವರನ್ನು ನಾನು ಈ ವ್ಯಾಪಾರದಲ್ಲಿ ನೋಡಿಲ್ಲ.

ಸಿಯೆನ್ಸಿಯಾನೊ ಲಾಂಛನವನ್ನು ನಾವು ಹಾಕಿಸಲಿಲ್ಲ. ಅದು ಅವರದು. ಬಣ್ಣ ಮಾತ್ರ ತಗೊಂಡೆವು. ಎದೆಯ ಮೇಲೆ ನಮ್ಮದೇ ತಂಡದ ಗುರುತು, ತೋಳಿನ ಅಂಚಿಗೆ ಬಿಳಿ ಪಟ್ಟಿ. ಒಳಗಡೆ, ಕುತ್ತಿಗೆಯ ಹಿಂದೆ ಲೇಬಲ್ ಬರುವ ಜಾಗದಲ್ಲಿ 2003 ಅಂತ ಸಣ್ಣದಾಗಿ ಪ್ರಿಂಟ್. ಹೊರಗೆ ಯಾರಿಗೂ ಕಾಣುವುದಿಲ್ಲ. ಹಾಕಿಕೊಳ್ಳುವ ಹುಡುಗನಿಗೆ ಮಾತ್ರ ಗೊತ್ತು.

ಆ 2003ರ ಮೇಲೇ ಕಾಕಾ ಮತ್ತು ನನ್ನ ನಡುವೆ ದೊಡ್ಡ ವಾದ ಆಯಿತು. ಅದನ್ನು ಇಲ್ಲಿ ಬರೆಯದೆ ಇರಲು ಆಗುವುದಿಲ್ಲ, ಯಾಕೆಂದರೆ ಜೆರ್ಸಿ ಜೊತೆ ಇಟ್ಟುಕೊಟ್ಟ ಕಾರ್ಡ್ ಹುಟ್ಟಿದ್ದೇ ಆ ವಾದದಿಂದ.

ಪೆರುವಿನ ಫುಟ್‌ಬಾಲ್ ಅಂದರೆ ಲಿಮಾ. ಅಲಿಯಾನ್ಸಾ ಲಿಮಾ, ಯೂನಿವರ್ಸಿಟಾರಿಯೊ, ಸ್ಪೋರ್ಟಿಂಗ್ ಕ್ರಿಸ್ಟಾಲ್ ಈ ಮೂರು ತಂಡಗಳೇ ಹೆಚ್ಚಿನ ಪ್ರಶಸ್ತಿ ಹಂಚಿಕೊಂಡಿವೆ. ಸಿಯೆನ್ಸಿಯಾನೊ ಇವತ್ತಿನ ತನಕ ದೇಶದ ಚಾಂಪಿಯನ್ ಆಗಿಲ್ಲ. 2001ರಲ್ಲಿ, ತಂಡಕ್ಕೆ ನೂರು ತುಂಬಿದ ವರ್ಷ, ಹತ್ತಿರ ಬಂದಿತ್ತು. ಸೀಸನ್‌ನ ಎರಡನೇ ಭಾಗ ಗೆದ್ದು ಫೈನಲ್‌ಗೆ ಹೋಯಿತು. ಎದುರಿಗೆ ಅಲಿಯಾನ್ಸಾ ಲಿಮಾ, ಅವರಿಗೂ ಅದೇ ವರ್ಷ ನೂರು. ಪೆನಾಲ್ಟಿಯಲ್ಲಿ ಸೋತರು. 2005ರಲ್ಲಿ ಮತ್ತು 2006ರಲ್ಲಿ ಮತ್ತೆ ಎರಡನೇ ಸ್ಥಾನ. ಸ್ವಂತ ದೇಶದಲ್ಲಿ ಒಂದೂ ಕಿರೀಟ ಇಲ್ಲದ ಈ ತಂಡದ ಹತ್ತಿರ ಲಿಮಾದ ಯಾವ ತಂಡದ ಹತ್ತಿರವೂ ಇಲ್ಲದ ವಸ್ತು ಇದೆ. ದಕ್ಷಿಣ ಅಮೆರಿಕಾ ಖಂಡದ ಕಪ್. ಅದೂ ಎರಡು. ಪೆರುವಿನ ಬೇರೆ ಯಾವ ಕ್ಲಬ್ಬೂ ಇವತ್ತಿನ ತನಕ ಒಂದನ್ನೂ ತಂದಿಲ್ಲ. ಯೂನಿವರ್ಸಿಟಾರಿಯೊ 1972ರಲ್ಲಿ, ಸ್ಪೋರ್ಟಿಂಗ್ ಕ್ರಿಸ್ಟಾಲ್ 1997ರಲ್ಲಿ ಖಂಡದ ಅತಿ ದೊಡ್ಡ ಕ್ಲಬ್ ಕಪ್ ಆದ ಲಿಬರ್ಟಡೋರೆಸ್ ಫೈನಲ್ ತನಕ ಹೋಗಿ ಸೋತಿದ್ದವು.

ಮೊದಲ ಕಪ್ 2003ರ ಕೋಪಾ ಸುಡಾಮೆರಿಕಾನಾ. ಆ ಟೂರ್ನಮೆಂಟ್‌ನ ಎರಡನೇ ವರ್ಷ ಅದು. ಕೋಚ್ ಫ್ರೆಡ್ಡಿ ಟೆರ್ನೆರೊ. ಗೋಲಿನಲ್ಲಿ ಆಸ್ಕರ್ ಇಬಾನ್ಯೆಸ್, ಅರ್ಜೆಂಟೀನಾದಲ್ಲಿ ಹುಟ್ಟಿ ಪೆರುವಿನ ಪರ ಆಡಿದವರು. ಮುಂದೆ ಹೆರ್ಮಾನ್ ಕಾರ್ಟಿ, ವಯಸ್ಸು 35. ಹೆಚ್ಚಿನವರು ಬೂಟು ಎತ್ತಿಡುವ ವಯಸ್ಸು ಅದು. ಅವರು 6 ಗೋಲು ಹೊಡೆದು ಇಡೀ ಟೂರ್ನಮೆಂಟ್‌ನಲ್ಲಿ ಎಲ್ಲರಿಗಿಂತ ಮುಂದೆ ನಿಂತರು. ಅಲಿಯಾನ್ಸಾ ಲಿಮಾವನ್ನು ದಾಟಿ, ಚಿಲಿಯ ಯೂನಿವರ್ಸಿಡಾಡ್ ಕತೋಲಿಕಾವನ್ನು ದಾಟಿ, ಬ್ರೆಜಿಲ್‌ನ ಸಾಂಟೋಸ್ ಎದುರು ಬಂದರು. ಸಾಂಟೋಸ್ ಅಂದರೆ ಸುಮ್ನೆ ಅಲ್ಲ. ಪೆಲೆ ಆಡಿದ ತಂಡ. ಹಿಂದಿನ ವರ್ಷವಷ್ಟೇ ಬ್ರೆಜಿಲ್ ಚಾಂಪಿಯನ್ ಆಗಿದ್ದ ತಂಡ, ರೊಬಿನ್ಯೊ, ಡಿಯೆಗೊ ಇದ್ದ ಕಾಲ.

ಇಲ್ಲಿಗೆ ಬಂದಾಗ ಕಾಕಾ ಕೈ ಎತ್ತಿ ತಡೆದರು. "ಸರ, ಅಷ್ಟ ಎತ್ತರದಾಗ ಆಡಿಸಿದ್ರ ಯಾರರ ಗೆಲ್ತಾರ. ಬಂದಾವರಿಗೆ ಉಸರ ಹತ್ತಂಗಿಲ್ಲ. ಇದೇನ ದೊಡ್ಡ ಮಾತ?"

ಈ ಮಾತು ಅವರೊಬ್ಬರದಲ್ಲ. ಆಂಡಿಸ್ ಬೆಟ್ಟದ ತಂಡ ಗೆದ್ದಾಗಲೆಲ್ಲಾ ಇದೇ ಮಾತು ಬರುತ್ತದೆ. ಅದರಲ್ಲಿ ನಿಜವೂ ಇದೆ. 3,400 ಮೀಟರ್ ಮೇಲೆ ಗಾಳಿಯ ಒತ್ತಡ ಸಮುದ್ರ ದಡದ ಮೂರನೇ ಎರಡರಷ್ಟು ಮಾತ್ರ. ಓಡಿದವನಿಗೆ ಉಸಿರು ಬೇಗ ತಿರುಗುವುದಿಲ್ಲ, ಚೆಂಡು ತೆಳು ಗಾಳಿಯಲ್ಲಿ ಜಾಸ್ತಿ ವೇಗವಾಗಿ ಹೋಗುತ್ತದೆ, ಗೋಲಿ ಅಂದಾಜು ತಪ್ಪುತ್ತಾನೆ. 2007ರಲ್ಲಿ ಫಿಫಾ 2,500 ಮೀಟರ್‌ಗಿಂತ ಮೇಲೆ ಅಂತಾರಾಷ್ಟ್ರೀಯ ಪಂದ್ಯ ಬೇಡ ಅಂತಲೇ ಹೇಳಿತು, ಆಮೇಲೆ ಅದನ್ನು 3,000ಕ್ಕೆ ಏರಿಸಿತು, ಬೆಟ್ಟದ ದೇಶಗಳು ಜೋರಾಗಿ ವಿರೋಧಿಸಿದ ಮೇಲೆ 2008ರಲ್ಲಿ ಕೈಬಿಟ್ಟಿತು. ಆ ಕಪ್‌ನಲ್ಲಿ ಎದುರಾಳಿಯ ಜೊತೆ ಎರಡು ಪಂದ್ಯ, ಒಂದು ಮನೆಯಲ್ಲಿ, ಒಂದು ಅವರ ಊರಲ್ಲಿ, ಎರಡರ ಗೋಲೂ ಸೇರಿಸಿ ಲೆಕ್ಕ. ಕತೋಲಿಕಾ ತಂಡ ಕುಸ್ಕೊದಲ್ಲಿ 4-0 ಸೋತಿತ್ತು, ಚಿಲಿಗೆ ಹೋದಾಗ ಸಿಯೆನ್ಸಿಯಾನೊ 3-1 ಸೋತಿತು. ಕಾಕಾ ವಾದಕ್ಕೆ ಇದು ಒಳ್ಳೆಯ ಸಾಕ್ಷಿ, ಒಪ್ಪುತ್ತೇನೆ.

ಆದರೆ ಮುಂದಿನದು ನೋಡಿ. ಸಾಂಟೋಸ್ ಜೊತೆ ಸಮುದ್ರ ದಡದ ಅವರ ಸ್ವಂತ ಮೈದಾನದಲ್ಲಿ 1-1. ಕುಸ್ಕೊದಲ್ಲಿ 2-1. ಸೆಮಿಫೈನಲ್‌ನಲ್ಲಿ ಕೊಲಂಬಿಯಾದ ಅಟ್ಲೆಟಿಕೊ ನಸಿಯೊನಾಲ್ ವಿರುದ್ಧ ಮೆಡೆಲಿನ್‌ಗೆ ಹೋಗಿ 2-1 ಗೆದ್ದರು, ಮನೆಯಲ್ಲಿ 1-0. ಫೈನಲ್ ಅರ್ಜೆಂಟೀನಾದ ರಿವರ್ ಪ್ಲೇಟ್ ಎದುರು. ಅವರ ಕೋಚ್ ಮ್ಯಾನುಯೆಲ್ ಪೆಲ್ಲೆಗ್ರಿನಿ, ಮುಂದೆ ರಿಯಲ್ ಮ್ಯಾಡ್ರಿಡ್, ಮ್ಯಾಂಚೆಸ್ಟರ್ ಸಿಟಿ ತಂಡಗಳನ್ನು ನಡೆಸಿದವರು. ಚಿಲಿಯ ಮಾರ್ಸೆಲೊ ಸಾಲಾಸ್ ಅಂಥವರು ಇದ್ದ ತಂಡ. ಡಿಸೆಂಬರ್ 10ರಂದು ಬ್ಯೂನಸ್ ಐರಿಸ್‌ನ ಮೊನುಮೆಂಟಲ್ ಮೈದಾನದಲ್ಲಿ ಮೊದಲ ಪಂದ್ಯ. ಅಲ್ಲಿ ಯಾವ ಬೆಟ್ಟವೂ ಇಲ್ಲ. 3-3.

ಎರಡನೇ ಪಂದ್ಯವಾದರೂ ಕುಸ್ಕೊದಲ್ಲಿ ಆಗಬೇಕಿತ್ತಲ್ಲ? ಆಗಲಿಲ್ಲ. ಅವರ ಇಂಕಾ ಗಾರ್ಸಿಲಾಸೊ ದೆ ಲಾ ವೆಗಾ ಮೈದಾನದಲ್ಲಿ ಫೈನಲ್‌ಗೆ ಬೇಕಾದಷ್ಟು ಸೀಟು ಇರಲಿಲ್ಲ. ನಿಯಮದ ಪ್ರಕಾರ ಪಂದ್ಯ ಅರೆಕಿಪಾ ಊರಿಗೆ ಹೋಯಿತು, ಸಾನ್ ಅಗುಸ್ಟಿನ್ ವಿಶ್ವವಿದ್ಯಾಲಯದ ಮೈದಾನಕ್ಕೆ. ಅರೆಕಿಪಾ ಸುಮಾರು 2,300 ಮೀಟರ್. ಕುಸ್ಕೊಗಿಂತ ಸಾವಿರ ಮೀಟರ್ ಕೆಳಗೆ. ರಸ್ತೆಯಲ್ಲಿ 500 ಕಿಲೋಮೀಟರ್ ದೂರ. ಬೆಳಗಾವಿಯ ತಂಡ ಜೀವನದ ದೊಡ್ಡ ಪಂದ್ಯವನ್ನು ಮನೆಯಂಗಳ ಬಿಟ್ಟು ಬೆಂಗಳೂರಿಗೆ ಹೋಗಿ ಆಡಿದ ಹಾಗೆ. ಡಿಸೆಂಬರ್ 19. ಸಿಯೆನ್ಸಿಯಾನೊದ ಇಬ್ಬರಿಗೆ ರೆಡ್ ಕಾರ್ಡ್ ಬಿತ್ತು, ಕೊನೆಗೆ ಒಂಬತ್ತು ಜನ ಉಳಿದರು. 78ನೇ ನಿಮಿಷದಲ್ಲಿ ಪರಾಗ್ವೆಯ ಡಿಫೆಂಡರ್ ಕಾರ್ಲೋಸ್ ಲುಗೊ ಫ್ರೀ ಕಿಕ್ ಹೊಡೆದರು. ಗೋಲ್. ಉಳಿದ ನಿಮಿಷಗಳು ಹೇಗೆ ಕಳೆದವು ಅಂತ ವಿಡಿಯೊ ನೋಡಿದರೆ ಇವತ್ತಿಗೂ ನನ್ನ ಅಂಗೈ ಬೆವರುತ್ತದೆ. 1-0. ಎರಡೂ ಪಂದ್ಯ ಸೇರಿ 4-3.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂಬತ್ತ ಮಂದಿ?" ಅಂದರು. ರೈಟ್ ಬ್ಯಾಕ್ ಆಡಿದವರಿಗೆ ಅದರ ಕಷ್ಟ ಗೊತ್ತು.

ಆಮೇಲೆ ಎರಡನೇ ಕಪ್ ಕಥೆ ಹೇಳಿದೆ. ವಾದ ಅಲ್ಲಿಗೆ ಮುಗಿಯಿತು. 2004ರ ರೆಕೊಪಾ. ಒಂದು ಕಡೆ ಸುಡಾಮೆರಿಕಾನಾ ಗೆದ್ದ ಸಿಯೆನ್ಸಿಯಾನೊ, ಇನ್ನೊಂದು ಕಡೆ 2003ರ ಲಿಬರ್ಟಡೋರೆಸ್ ಗೆದ್ದ ಅರ್ಜೆಂಟೀನಾದ ಬೊಕಾ ಜೂನಿಯರ್ಸ್. ಒಂದೇ ಪಂದ್ಯ, 2004ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ. ಕಡಲ ದಡದ ಊರು. ಕಾರ್ಲೋಸ್ ತೆವೆಸ್ ಬೊಕಾಗೆ ಗೋಲು ಕೊಟ್ಟರು. ಪಂದ್ಯ ಇನ್ನೇನು ಮುಗಿಯಿತು ಅನ್ನುವಾಗ ಕೊಲಂಬಿಯಾದ ರೊಡ್ರಿಗೊ ಸರಾಸ್ ಸಮ ಮಾಡಿದರು. ಪೆನಾಲ್ಟಿಯಲ್ಲಿ 4-2. ಒಂದು ವರ್ಷದೊಳಗೆ ರಿವರ್, ಬೊಕಾ ಎರಡನ್ನೂ ಸೋಲಿಸಿ ಎರಡು ಕಪ್ ತಂದರು. ಕುಸ್ಕೊದ ಎತ್ತರದಲ್ಲಿ ಒಂದೂ ಫೈನಲ್ ಆಡದೆ ಚಾಂಪಿಯನ್ ಆದವರನ್ನು ಬರೀ ಬೆಟ್ಟದ ಲಾಭದಿಂದ ಗೆದ್ದರು ಅನ್ನುವುದು ಅನ್ಯಾಯ. ನಾನು ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಅದೇ 2004ರಲ್ಲಿ ಕೊಲಂಬಿಯಾದ ಮನಿಸಾಲೆಸ್ ಊರಿನ ಒನ್ಸೆ ಕಾಲ್ಡಾಸ್ ಕೂಡ ಬೊಕಾವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಲಿಬರ್ಟಡೋರೆಸ್ ಗೆದ್ದಿತ್ತು. ಸಣ್ಣ ಊರುಗಳ ತಂಡಗಳಿಗೆ ಎಂಥಾ ಕಾಲ ಅದು! ಅವರ ಕಥೆ ಇನ್ನೊಂದು ಸಲ.

ಇದೆಲ್ಲಾ ಕೇಳಿದ ಕಾಕಾ ಮಗಳು ಒಂದು ಮಾತು ಹೇಳಿದರು. "ಸರ, ಇದನ್ನ ಬರದ ಕೊಡ್ರಿ, ಒಂದೊಂದ ಪ್ಯಾಕೆಟ್‌ನ್ಯಾಗ ಒಂದ ಕಾರ್ಡ್ ಹಾಕೂಣು. ಹುಡುಗೂರು ಓದ್ತಾರ." ನಾನು ಒಂದು ಪುಟ ಬರೆದು ಕೊಟ್ಟೆ. ಅವರು ಗಟ್ಟಿ ಕಾಗದದ ಮೇಲೆ, ಓದಲು ಆರಾಮಾಗುವ ಅಕ್ಷರದಲ್ಲಿ ಪ್ರಿಂಟ್ ಮಾಡಿ ಪ್ರತಿ ಜೆರ್ಸಿಯ ಮಡಿಕೆಯಲ್ಲಿ ಇಟ್ಟರು. ಹಣ ತಗೊಳ್ಳಲಿಲ್ಲ. ಎಲ್ಲಿ ಸಿಗುತ್ತದೆ ಇಂಥ ಸೇವೆ? ಕಾರ್ಡ್‌ನಲ್ಲಿ ಗೆಲುವು ಮಾತ್ರ ಬರೆಯಲಿಲ್ಲ ನಾನು. 2015ರಲ್ಲಿ ಸಿಯೆನ್ಸಿಯಾನೊ ಕೆಳಗಿನ ಡಿವಿಜನ್‌ಗೆ ಬಿದ್ದಿದ್ದನ್ನೂ ಬರೆದೆ, 2019ರಲ್ಲಿ ಅಲ್ಲಿ ಚಾಂಪಿಯನ್ ಆಗಿ ಮೇಲೆ ಬಂದಿದ್ದನ್ನೂ ಬರೆದೆ. ಕೋಚ್ ಟೆರ್ನೆರೊ ಆಮೇಲೆ ಲಿಮಾದ ಸಾನ್ ಮಾರ್ಟಿನ್ ದೆ ಪೊರೆಸ್ ಭಾಗಕ್ಕೆ ಮೇಯರ್ ಆದರು, 2015ರಲ್ಲೇ ತೀರಿಕೊಂಡರು. ತಂಡ ಬಿದ್ದ ವರ್ಷವೇ ಅದನ್ನು ಮೇಲೆತ್ತಿದ ಮನುಷ್ಯನೂ ಹೋದರು. ಹುಡುಗರಿಗೆ ಇದೂ ಗೊತ್ತಿರಬೇಕು ಅಂತ ನನಗೆ ಅನ್ನಿಸಿತು. ನಮ್ಮ ಗೋಲಿ ಹುಡುಗ ಈಗ ತನ್ನನ್ನು ಇಬಾನ್ಯೆಸ್ ಅಂತ ಕರೆಯಿರಿ ಅನ್ನುತ್ತಾನೆ.

ಕನ್ನಡ ಅಕ್ಷರದ ವಿಷಯ ಬೇರೆಯಾಗಿಯೇ ಹೇಳಬೇಕು. ಬೆನ್ನ ಮೇಲೆ ಹೆಸರು ಕನ್ನಡದಲ್ಲಿ ಹಾಕಿಸಿದೆವು. ಇದು ಕೇಳಿದಷ್ಟು ಸುಲಭ ಅಲ್ಲ. ಮೊಬೈಲ್‌ನಿಂದ ಕಳಿಸಿದ ಹೆಸರನ್ನು ಡಿಸೈನ್ ಮಾಡುವ ಹಳೆಯ ಕೋರೆಲ್‌ಡ್ರಾ ತಂತ್ರಾಂಶದಲ್ಲಿ ತೆರೆದರೆ ಒತ್ತಕ್ಷರಗಳು ಬಿಡಿಸಿಕೊಂಡು ಪಕ್ಕಕ್ಕೆ ನಿಲ್ಲುತ್ತವೆ. ಪ್ರಜ್ವಲ್, ವಿಠ್ಠಲ, ಕೃಷ್ಣ ಅಂಥ ಹೆಸರುಗಳು ಗುರುತೇ ಸಿಗುವುದಿಲ್ಲ. ಊರಿನ ಎಷ್ಟೋ ಬ್ಯಾನರ್‌ಗಳಲ್ಲಿ ಇದನ್ನು ನೋಡಿರುತ್ತೀರಿ. ಇಲ್ಲಿ ಪ್ರತಿ ಹೆಸರನ್ನೂ ನುಡಿ ತಂತ್ರಾಂಶದಲ್ಲಿ ಮತ್ತೆ ಟೈಪ್ ಮಾಡಿ, ಅಕ್ಷರವನ್ನು ಚಿತ್ರವಾಗಿ ಬದಲಾಯಿಸಿ, ಪ್ರಿಂಟಿಗೆ ಹಾಕುವ ಮುಂಚೆ ನನಗೆ ಫೋಟೊ ಕಳಿಸಿ ಒಪ್ಪಿಗೆ ಕೇಳಿದರು. ಒಂದು ಹೆಸರೂ ಕೆಡಲಿಲ್ಲ. ಮರಾಠಿ ಮನೆಯ ಹುಡುಗರು ದೇವನಾಗರಿಯಲ್ಲಿ ಕೇಳಿದರು, ಅದನ್ನೂ ಅಷ್ಟೇ ಅಚ್ಚುಕಟ್ಟಾಗಿ ಮಾಡಿಕೊಟ್ಟರು. ನಂಬರ್ ಮಾತ್ರ ಇಂಗ್ಲಿಷ್ ಅಂಕಿಯಲ್ಲೇ ದೊಡ್ಡದಾಗಿ ಬಿಳಿಯಲ್ಲಿ ಇರಲಿ, ರೆಫರಿಗೆ ದೂರದಿಂದ ಕಾಣಬೇಕು ಅಂತ ಕಾಕಾ ಸಲಹೆ. ಸರಿಯಾದ ಸಲಹೆ.

ಹೊಲಿಗೆ ಹಿಂದಿನ ಕೋಣೆಯಲ್ಲೇ ಆಗುತ್ತದೆ. ಅಕ್ಕಪಕ್ಕದ ಮನೆಯ ಹೆಣ್ಣುಮಕ್ಕಳು ಹೊಲಿಯುತ್ತಾರೆ. ಓವರ್‌ಲಾಕ್ (ಅಂಚಿನ ನೂಲು ಬಿಚ್ಚದ ಹಾಗೆ ಹಾಕುವ ಹೊಲಿಗೆ) ಮಾಡಿದ ಮೇಲೆ ಭುಜದ ಮೇಲೆ ಇನ್ನೊಂದು ಹೊಲಿಗೆ ಹಾಕುತ್ತಾರೆ. ಹುಡುಗರು ಒಬ್ಬರ ಅಂಗಿ ಒಬ್ಬರು ಹಿಡಿದು ಎಳೆಯುವುದು ಅಲ್ಲೇ, ಹರಿಯುವುದೂ ಅಲ್ಲೇ. ಅಳತೆಗೆ ಹುಡುಗರನ್ನೇ ಕರೆದುಕೊಂಡು ಹೋಗಿ. ವಯಸ್ಸು ಹೇಳಿ ಸೈಜ್ ಬರೆಸಬೇಡಿ. 13ರ ಹುಡುಗರಲ್ಲಿ ಒಬ್ಬ ನನ್ನ ಎತ್ತರ, ಇನ್ನೊಬ್ಬ ಸೊಂಟದ ತನಕ. ಎದೆಗೆ ಎರಡು ಇಂಚು ಜಾಸ್ತಿ ಇಡಿಸಿ, ಮುಂದಿನ ವರ್ಷಕ್ಕೂ ಬರುತ್ತದೆ.

ಈಗ ಕೆಂಪು ಮಣ್ಣಿನ ಪರೀಕ್ಷೆ. ನಮ್ಮ ಮೈದಾನಗಳ ಮಣ್ಣು ಮಳೆಯಲ್ಲಿ ಬಟ್ಟೆಗೆ ಹತ್ತಿದರೆ ಬಿಡುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಕೆಂಪು ಭಾಗದಲ್ಲಿ ಏನೂ ಕಾಣುವುದಿಲ್ಲ, ತೋಳಿನ ಬಿಳಿ ಪಟ್ಟಿಯಲ್ಲಿ ಕಲೆ ಉಳಿಯಿತು. ಬಣ್ಣ ಮಾತ್ರ ಒಂದಿಷ್ಟೂ ಇಳಿದಿಲ್ಲ, ಬಿಳಿ ಪಟ್ಟಿಗೆ ಕೆಂಪು ಹರಡಿಲ್ಲ. ಆಟ ಮುಗಿದ ಕೂಡಲೇ ತಣ್ಣೀರಲ್ಲಿ ನೆನೆಹಾಕಿ, ಬ್ರಶ್ ಹಾಕಬೇಡಿ, ಬಿಸಿ ಇಸ್ತ್ರಿ ಇಡಲೇಬೇಡಿ.

ಒಂದು ಅಂಕ ಕಡಿಮೆ ಯಾಕೆ? ಎರಡು ಕಾರಣ. ಮೊದಲನೆಯದು ಸಮಯ. ಹೇಳಿದ ದಿನಕ್ಕೆ ಕೊಡಲಿಲ್ಲ. ಟೂರ್ನಮೆಂಟ್ ಸೀಸನ್‌ನಲ್ಲಿ ಎಲ್ಲಾ ಆರ್ಡರ್ ಒಟ್ಟಿಗೆ ತಗೊಳ್ಳುತ್ತಾರೆ, ಯಾರಿಗೂ ಇಲ್ಲ ಅನ್ನುವುದಿಲ್ಲ, ಆಮೇಲೆ ಎಲ್ಲರಿಗೂ ತಡ. ಫೋನ್ ಮಾಡಿದರೆ ನಾಳೆ ಅನ್ನುತ್ತಾರೆ. ಮೊದಲ ಪಂದ್ಯದ ಹಿಂದಿನ ರಾತ್ರಿ ಜೆರ್ಸಿ ಕೈಗೆ ಬಂತು. ಅಷ್ಟು ಹೊತ್ತು ಹುಡುಗರು ಪಟ್ಟ ಆತಂಕ ನೋಡಿ ನನಗೆ ಬೇಜಾರಾಯಿತು. ಕಾಕಾ, ನೀವು ಇದನ್ನು ಓದಿದರೆ ದಯವಿಟ್ಟು ಸರಿ ಮಾಡಿಕೊಳ್ಳಿ. ಬರುವ ಆರ್ಡರ್‌ಗಳಲ್ಲಿ ನಾಲ್ಕಕ್ಕೆ ಬೇಡ ಅಂದರೂ ಉಳಿದವರು ನಿಮ್ಮನ್ನು ಬಿಟ್ಟು ಹೋಗುವುದಿಲ್ಲ.

ಎರಡನೆಯದು ಚಡ್ಡಿ. ಜೆರ್ಸಿಗೆ ತೋರಿಸಿದ ಕಾಳಜಿ ಚಡ್ಡಿಗೆ ಇಲ್ಲ. ಬಟ್ಟೆ ಹೊರಗಿನಿಂದ ರೆಡಿಮೇಡ್ ತರಿಸುತ್ತಾರೆ, ಎಲಾಸ್ಟಿಕ್ ಬೇಗ ಸಡಿಲ ಆಗುತ್ತದೆ, ಒಳಗೆ ದಾರ ಇಲ್ಲ. ಓಡುವ ಹುಡುಗ ಒಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡರೆ ಆಟ ಹೇಗೆ ಆಡಬೇಕು? ಕೆಲವರಿಗೆ ನಾವೇ ದಾರ ಹಾಕಿಸಿದೆವು. ಚಡ್ಡಿ, ಸಾಕ್ಸ್ ಬೇರೆ ಕಡೆ ತಗೊಳ್ಳಿ.

ಟೂರ್ನಮೆಂಟ್‌ನಲ್ಲಿ ಏನಾಯಿತು ಅಂತ ಕೇಳುವವರಿಗೆ: ಕ್ವಾರ್ಟರ್‌ಫೈನಲ್‌ನಲ್ಲಿ ಸೋತೆವು, ನಮಗಿಂತ ಚೆನ್ನಾಗಿ ಆಡಿದ ತಂಡದ ಎದುರು. ಪಂದ್ಯ ಮುಗಿದ ಮೇಲೆ ಆ ತಂಡದ ಕೋಚ್ ಬಂದು ಈ ಕೆಂಪು ಎಲ್ಲಿ ಮಾಡಿಸಿದ್ರಿ ಅಂತ ಕೇಳಿದರು. ವಿಳಾಸ ಕೊಟ್ಟಿದ್ದೇನೆ.

ಹೋಗುವವರಿಗೆ ಇಷ್ಟು ಹೇಳುತ್ತೇನೆ. ಏಪ್ರಿಲ್‌ನಲ್ಲೇ ಆರ್ಡರ್ ಕೊಡಿ, ಮೇ ದಾಟಿಸಬೇಡಿ. ಅರ್ಧ ಹಣ ಮುಂಗಡ ಕೇಳುತ್ತಾರೆ, ಚೀಟಿ ಬರೆಸಿಕೊಳ್ಳಿ. ಬೇಕಾದ ದಿನಕ್ಕಿಂತ ಒಂದು ವಾರ ಮೊದಲಿನ ತಾರೀಖು ಹೇಳಿ. ಬಣ್ಣದ ತುಂಡು ಕೇಳಿ ತಗೊಳ್ಳಿ, ಕೇಳದಿದ್ದರೂ ಕೊಡುತ್ತಾರೆ. ಕಡಿಮೆ ಅಂದರೆ ಹನ್ನೊಂದು ಜೆರ್ಸಿ ಇದ್ದರೆ ಮಾತ್ರ ಸ್ವಂತ ಡಿಸೈನ್ ಮಾಡಿಕೊಡುತ್ತಾರೆ, ಒಂದೆರಡಕ್ಕೆ ಆಗುವುದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕಿರುತ್ತದೆ, ಸಂಜೆ ಐದರ ಮೇಲೆ ಹೋಗಿ. ಗಲ್ಲಿ ಸಣ್ಣದು, ಗಾಡಿಯನ್ನು ದೊಡ್ಡ ರಸ್ತೆಯಲ್ಲೇ ನಿಲ್ಲಿಸಿ ನಡೆದು ಹೋಗಿ.